ಪದ ಬೇಕು: ಬೋರ್ಡಿನಲ್ಲಿ ‘ಪೈರೇಟೆಡ್ ಸಾಫ್ಟ್‌ವೇರ್’ಗೆ ಏನು ಬರೆಯಲಿ?

ಕಾರವಾರದಿಂದ:
ನಮಸ್ಕಾರ. ಡ್ರಾಫ್ಟ್ಸ್‌ಮನ್ ಕೋರ್ಸಿನ ಹುಡುಗರಿಗೆ ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವುದನ್ನು, ಕಲಿಸುತ್ತೇನೆ. ಲ್ಯಾಬಿನ ಬಾಗಿಲಿಗೆ ಹಾಕುವ ಬೋರ್ಡಿನ ಬರಹ ನಾಳೆ ಬೆಳಿಗ್ಗೆಯೇ ಪೇಂಟರ್ ಕೈಗೆ ಹೋಗಬೇಕು. ‘ನಕಲಿ ತಂತ್ರಾಂಶ ಬಳಸುವಂತಿಲ್ಲ’ ಎಂದು ಬರೆದಿದ್ದೆ, ಸಮಾಧಾನವಾಗಲಿಲ್ಲ. ನಕಲಿ ಔಷಧಿ ಅಂದರೆ ಒಳಗೆ ಔಷಧಿಯೇ ಇಲ್ಲ. ಕ್ರ್ಯಾಕ್ ಮಾಡಿದ, ಅಂದರೆ ಬೀಗ ಮುರಿದು ದುಡ್ಡು ಕೊಡದೆ ಬಳಸುವ, ಆಟೋಕ್ಯಾಡ್ ತಂತ್ರಾಂಶ ಅಸಲಿನ ಹಾಗೆಯೇ ಗೆರೆ ಎಳೆಯುತ್ತದೆ. ಕೆಳಗೆ, ದುಡ್ಡಿಲ್ಲದೆ ಸಿಗುವ ನಕ್ಷೆ ತಂತ್ರಾಂಶಗಳಾದ ಲಿಬ್ರೆಕ್ಯಾಡ್, ಫ್ರೀಕ್ಯಾಡ್ ಹೆಸರೂ ಬರಬೇಕು. ಅವನ್ನು ‘ಉಚಿತ’ ಎಂದರೆ ಹುಡುಗರು ‘ಕ್ರ್ಯಾಕೂ ಉಚಿತವೇ ಅಲ್ಲವಾ ಅಕ್ಕೋರೆ’ ಅಂತಾರೆ.

ಶಿರಸಿಯಿಂದ:
‘ಕಳ್ಳಪ್ರತಿ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ: ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿದ ಅರಿಸಮಾಸ ಅದು, ಬೇಡ. ‘ಕದ್ದ ತಂತ್ರಾಂಶ’ ಎಂದು ಬರೆಯಿರಿ. ‘ಕದ್ದ’ದಂಥ ಕ್ರಿಯಾರೂಪ ನಾಮಪದಕ್ಕೆ ಸೇರುವ ಗಮಕ ಸಮಾಸದಲ್ಲಿ ಅರಿದೋಷ ಎಣಿಸುವುದಿಲ್ಲ.

ಹೊನ್ನಾವರದಿಂದ:
ಮಾಸ್ತರೇ, ಮಳೆಗಾಲವನ್ನು ಏನು ಮಾಡುತ್ತೀರಿ? ಸುಳ್ಳುಸಾಕ್ಷಿಯನ್ನು? ಅರಿಸಮಾಸದ ಮಾತು ಸಾಕು.
‘ಕದ್ದ’ ಎನ್ನುವುದೂ ಸರಿಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮು ಹಕ್ಕು ಉಲ್ಲಂಘಿಸಿದ ಪ್ರತಿಯನ್ನು ಗೊತ್ತಿದ್ದೂ ಬಳಸುವುದರ ಬಗ್ಗೆ ಹೇಳುತ್ತದೆ, ಕಳವಿನ ಬಗ್ಗೆ ಅಲ್ಲ. ಶಿಕ್ಷೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ‘ಪೈರಸಿ’ಯ ಮೂಲ ಅರ್ಥವೆಂದು ‘ಕಡಲ್ಗಳ್ಳತನ’ವನ್ನಂತೂ ಎಳೆದು ತರಬೇಡಿ. ನಮ್ಮೂರಿನ ನೌಕಾನಾಯಕ ತಿಮ್ಮಯ್ಯನ ನೆರವಿನಿಂದಲೇ 1510ರಲ್ಲಿ ಗೋವೆ ಹಿಡಿದ ಪೋರ್ಚುಗೀಸರು ಅವನನ್ನೂ ಕಡಲ್ಗಳ್ಳನೆಂದೇ ಕರೆದರು. ಆ ಪದ ಆಡುವವನ ಪಕ್ಷವನ್ನು ಹೇಳುತ್ತದೆ, ಮಾಡಿದ ಕೆಲಸವನ್ನಲ್ಲ.
ಅಕ್ಕೋರೆ, ‘ಪರವಾನಗಿ ಇಲ್ಲದ ತಂತ್ರಾಂಶ’ ಎಂದು ಬರೆಯಿರಿ. ಪರವಾನಗಿ ಏನೆಂದು ಬಂದರಿನ ಹುಡುಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕುಮಟಾದಿಂದ:
ಪರವಾನಗಿಗೆ ನನ್ನ ಒಪ್ಪಿಗೆಯಿದೆ. ‘ಉಚಿತ’ ಮಾತ್ರ ಖಂಡಿತ ಬೇಡ. ಆಟೋಕ್ಯಾಡ್ ಮಾಡುವ ಆಟೋಡೆಸ್ಕ್ ಕಂಪನಿ ವಿದ್ಯಾರ್ಥಿಗಳಿಗೆ ದುಡ್ಡಿಲ್ಲದೆ ಕೊಡುವುದೂ ಉಚಿತವೇ, ಆದರೆ ಅದರಲ್ಲಿ ಗಿರಾಕಿಗೆ ಮನೆಯ ಪ್ಲಾನ್ ಮಾಡಿಕೊಟ್ಟು ಹಣ ಪಡೆದರೆ ಷರತ್ತು ಮುರಿದಂತೆ. ಲಿಬ್ರೆಕ್ಯಾಡ್, ಫ್ರೀಕ್ಯಾಡ್‌ಗೆ ಆ ಕಟ್ಟು ಇಲ್ಲ. ಸಂಪಾದನೆಗೂ ಬಳಸಬಹುದು, ಗೆಳೆಯನಿಗೂ ಕೊಡಬಹುದು. ಅದಕ್ಕೆ ‘ಮುಕ್ತ’ ಎಂಬ ಪದ ಆಗಲೇ ರೂಢಿಯಲ್ಲಿದೆ. ಒಂದು ಮಾತು ಹುಡುಗರಿಗೆ ಮೊದಲೇ ಹೇಳಿಬಿಡಿ: ಲಿಬ್ರೆಕ್ಯಾಡ್ 2ಡಿಗೆ ಮಾತ್ರ, ಆಟೋಕ್ಯಾಡಿನ ಕಡತದ ಮಾದರಿಯಾದ ಡಿಡಬ್ಲ್ಯುಜಿಯಲ್ಲಿ ಸೇವ್ ಮಾಡುವುದಿಲ್ಲ. ಬೇರೆ ಬೇರೆ ಕ್ಯಾಡ್ ತಂತ್ರಾಂಶಗಳ ನಡುವೆ ನಕ್ಷೆ ಸಾಗಿಸುವ ಮಾದರಿಯಾದ ಡಿಎಕ್ಸ್‌ಎಫ್‌ನಲ್ಲೇ ಕೊಡಬೇಕು. ಇಂಜಿನಿಯರ್ ಆಫೀಸಿನಲ್ಲಿ ಕಡತ ತೆರೆಯದೆ ಹೋದ ದಿನವೇ ಹುಡುಗ ಕ್ರ್ಯಾಕ್ ಹುಡುಕುವುದು.

ಕಾರವಾರದಿಂದ:
‘ಪರವಾನಗಿ ಇಲ್ಲದ ತಂತ್ರಾಂಶ ಬಳಸುವಂತಿಲ್ಲ. ಮುಕ್ತ ತಂತ್ರಾಂಶ ಕೇಳಿ ಪಡೆಯಿರಿ.’ ಹೀಗೇ ಕಳಿಸುತ್ತೇನೆ. ಡಿಎಕ್ಸ್‌ಎಫ್ ವಿಷಯ ಪಾಠದಲ್ಲೇ ಹೇಳುವೆ. ಉಪಕಾರವಾಯಿತು.

ಶಿರಸಿಯಿಂದ:
ಪರವಾನಗಿ ಪಾರಸಿ ಪದ. ‘ಒಪ್ಪಿಗೆ’ ಇರುವಾಗ ಸಾಲ ಏಕೆ?

ಹೊನ್ನಾವರದಿಂದ:
1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಜಿಲ್ಲೆ ನಮ್ಮದು. ಅರ್ಜಿ, ಜಮೀನು, ವಕೀಲ, ದಾಖಲೆ, ಇವೆಲ್ಲ ಪಾರಸಿಯ ಕಡೆಯಿಂದಲೇ ಬಂದು ನಮ್ಮ ಅಜ್ಜಂದಿರು ಆಡಿ ನಮ್ಮದಾದವು. ‘ಒಪ್ಪಿಗೆ’ ಬಾಯಿಮಾತಿನಲ್ಲೂ ಆದೀತು, ಪರವಾನಗಿಗೆ ಕಾಗದ ಬೇಕು. ಬೋರ್ಡು ಕೇಳುತ್ತಿರುವುದು ಆ ಕಾಗದವನ್ನೇ.