ಯುದ್ಧಕ್ಕೆ ಮುಂಚಿನ ಕೋಳಿ ಶಕುನ: ಕೋಳಿ ತಿನ್ನದಿದ್ದರೆ?

ಪ್ರಶ್ನೆ: ರೋಮನ್ ಸೇನಾಪತಿಗಳು ಕೋಳಿಗಳಿಂದ ಶಕುನ ನೋಡುತ್ತಿದ್ದದ್ದು ಹೇಗೆ? ಯಕೃತ್ತು ನೋಡುವುದೂ ಇದೇ ವಿಧಿಯ ಭಾಗವೇ?

ಉತ್ತರ 1: ಕೋಳಿಗಳನ್ನು ನೋಡಿಕೊಳ್ಳುವವನಿಗೆ ಪುಲ್ಲಾರಿಯುಸ್ ಎಂದು ಹೆಸರು. ಅವನು ಪಂಜರ ತೆರೆದು ಹಿಟ್ಟಿನ ಉಂಡೆ ಹಾಕುತ್ತಿದ್ದ. ಕೋಳಿ ಗಬಗಬನೆ ತಿಂದು, ಕೊಕ್ಕಿನಿಂದ ತುಣುಕು ನೆಲಕ್ಕೆ ಬಿದ್ದರೆ ಅತ್ಯುತ್ತಮ. ಹೊರಗೇ ಬಾರದಿದ್ದರೆ, ತಿನ್ನದಿದ್ದರೆ ಅಶುಭ. ಕೇಳುತ್ತಿದ್ದದ್ದು ಭವಿಷ್ಯವನ್ನಲ್ಲ, ರೋಮನ್ನರ ದೇವರಾಜ ಜೂಪಿಟರ್‌ನ ಅಪ್ಪಣೆಯನ್ನು, ಅದೂ ಆ ಒಂದು ದಿನಕ್ಕೆ. ಇಲ್ಲವೆಂದರೆ ಮರುದಿನ ಮತ್ತೆ ಕೇಳಬಹುದು. ಪಂಜರದಲ್ಲಿ ಹಸಿದ ಕೋಳಿ ತಿನ್ನದೆ ಇನ್ನೇನು ಮಾಡೀತು ಎಂದು ರೋಮಿನ ವಾಗ್ಮಿ ಸಿಸೆರೊ ಆಗಲೇ ಗೇಲಿ ಮಾಡಿದ್ದ; ಅವನೂ ಶಕುನಾಧಿಕಾರಿಯೇ ಅನ್ನುವುದು ತಮಾಷೆ.

ಉತ್ತರ 2: ಯಕೃತ್ತಿನದು ಬೇರೆ ವಿದ್ಯೆ, ಇಟಲಿಯ ಪ್ರಾಚೀನ ಜನಾಂಗವಾದ ಎಟ್ರುಸ್ಕನ್ನರಿಂದ ಬಂದದ್ದು, ನೋಡುವವನು ಹರುಸ್ಪೆಕ್ಸ್. ಬಲಿಪಶುವಿನ ಯಕೃತ್ತಿನ ಮೇಲಿನ ಚಿಕ್ಕ ಉಬ್ಬಿಗೆ 'ತಲೆ' ಎನ್ನುತ್ತಿದ್ದರು. ಅದು ಇಲ್ಲದಿದ್ದರೆ ಭಾರಿ ಅಪಶಕುನ. ಒಪ್ಪಿಗೆ ಸಿಗುವವರೆಗೆ ಇನ್ನೊಂದು ಪಶು ಕಡಿಯುತ್ತಿದ್ದದ್ದೂ ಉಂಟು. 1877ರಲ್ಲಿ ಇಟಲಿಯ ಪಿಯಾಚೆಂಝಾ ಬಳಿ ಸಿಕ್ಕ ಕಂಚಿನ ಯಕೃತ್ತಿನ ಮಾದರಿ ನೋಡಿ: ಅಂಚಿನಲ್ಲಿ 16 ಭಾಗ, ಒಳಗೆಲ್ಲ ದೇವತೆಗಳ ಹೆಸರು.

ಉತ್ತರ 1: ಒಂದು ಸೇರಿಸಬೇಕು. ವಿಧಿ ತಪ್ಪಿದರೆ ಗೆದ್ದ ಚುನಾವಣೆಯೂ ಉಳಿಯುತ್ತಿರಲಿಲ್ಲ. ಚುನಾವಣೆ ನಡೆಸಿದವನು ನಗರದ ಪವಿತ್ರ ಗಡಿ ದಾಟುವಾಗ ಶಕುನವನ್ನು ಮತ್ತೆ ನೋಡಿರಲಿಲ್ಲ ಎಂದು ಕ್ರಿ.ಪೂ. 162ರಲ್ಲಿ ರೋಮಿನ ಅತ್ಯುನ್ನತ ಅಧಿಕಾರಿಗಳಾದ ಇಬ್ಬರೂ ಕಾನ್ಸಲ್‌ಗಳು ರಾಜೀನಾಮೆ ಕೊಟ್ಟರು.

ಪ್ರಶ್ನೆ: ಪುಲ್ಲಾರಿಯುಸ್ ಸುಳ್ಳು ಹೇಳಿದರೆ?

ಉತ್ತರ 2: ರೋಮನ್ ಇತಿಹಾಸಕಾರ ಲಿವಿ ಹೇಳುವಂತೆ ಕ್ರಿ.ಪೂ. 293ರಲ್ಲಿ ಹಾಗೇ ಆಯಿತು. ತನಗೆ ಹೇಳಿದ ಶಕುನವೇ ಲೆಕ್ಕ, ಪಾಪ ಸುಳ್ಳು ಹೇಳಿದವನದು ಎಂದ ಕಾನ್ಸಲ್ ಪಾಪಿರಿಯುಸ್, ಅವನನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದ. ಯುದ್ಧ ಶುರುವಾಗುವ ಮುಂಚೆಯೇ ಪುಲ್ಲಾರಿಯುಸ್ ಈಟಿ ತಗುಲಿ ಸತ್ತ.