ಅಪ್‌ಡೇಟ್: ದೊಡ್ಡ ಚಾರ್ಜ್ ಜಾಸ್ತಿ ತಳ್ಳುತ್ತದೆ ಅಂದುಕೊಂಡಿದ್ದೆ

ಮೊನ್ನೆ ಕೇಳಿದ್ದೆನಲ್ಲ, 2 ಮತ್ತು 8 ಮೈಕ್ರೋಕೂಲಂಬ್ (ಚಾರ್ಜ್ ಅಳೆಯುವ ಮಾನ) ವಿದ್ಯುತ್ ಚಾರ್ಜ್‌ಗಳು 30 ಸೆಂಟಿಮೀಟರ್ ದೂರದಲ್ಲಿದ್ದರೆ ಯಾವುದು ಯಾವುದನ್ನು ಜೋರಾಗಿ ತಳ್ಳುತ್ತದೆ ಅಂತ? ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಈಗ ಅರ್ಥವಾಯಿತು: ಎರಡರ ಮೇಲೂ ಬಲ ಒಂದೇ, 1.6 ನ್ಯೂಟನ್. ದಿಕ್ಕು ಮಾತ್ರ ಎದುರುಬದುರು.

ಈ ಬಲ ಲೆಕ್ಕ ಹಾಕುವ ಕೂಲಂಬ್ ಸೂತ್ರದಲ್ಲಿ ಎರಡು ಚಾರ್ಜ್‌ಗಳ ಗುಣಲಬ್ಧವನ್ನು ಒಂದು ಸ್ಥಿರಾಂಕದಿಂದ ಗುಣಿಸಿ, ದೂರದ ವರ್ಗದಿಂದ ಭಾಗಿಸುತ್ತಾರೆ. ಯಾವುದನ್ನು ಮೊದಲು ಬರೆದರೇನು, ಅಲ್ವಾ? ಇಷ್ಟು ಸುಲಭದ್ದಕ್ಕೆ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ!

ನನ್ನ ಗೊಂದಲದ ಬೇರು ಬೇರೆ ಕಡೆ ಇತ್ತು. ಹೆಚ್ಚು ಓಡುವುದಕ್ಕೆ ಹೆಚ್ಚು ಬಲ ಬಿದ್ದಿದೆ ಅಂದುಕೊಳ್ಳುತ್ತಿದ್ದೆ. ಎಲೆಕ್ಟ್ರಾನ್, ಪ್ರೋಟಾನ್ ನೋಡಿ. ಒಂದನ್ನೊಂದು ಸೆಳೆಯುವ ಬಲ ಸಮ. ಆದರೆ ಪ್ರೋಟಾನ್ ಸುಮಾರು 1836 ಪಟ್ಟು ಭಾರ, ಅದಕ್ಕೇ ಅದು ಅಲುಗುವುದೇ ಕಡಿಮೆ. ಓಡುವುದೆಲ್ಲ ಎಲೆಕ್ಟ್ರಾನ್.

ಇನ್ನೊಂದು ತಪ್ಪು ಹೇಳಲು ನಾಚಿಕೆ: ದೂರವನ್ನು ವರ್ಗ ಮಾಡುವುದನ್ನೇ ಮರೆತು 0.48 ಅಂತ ಬರೆದಿದ್ದೆ. ಸರಿಯಾಗಿ ಮಾಡಿದಾಗ 0.144 ಅನ್ನು (ಸ್ಥಿರಾಂಕ ಮತ್ತು ಎರಡು ಚಾರ್ಜ್‌ಗಳ ಗುಣಲಬ್ಧ) 0.09ರಿಂದ (0.3 ಮೀಟರ್‌ನ ವರ್ಗ) ಭಾಗಿಸಬೇಕು. ದೂರವನ್ನು 60 ಸೆಂಟಿಮೀಟರ್‌ಗೆ ಏರಿಸಿದರೆ ಬಲ ಅರ್ಧವಲ್ಲ, ಕಾಲು ಭಾಗ: 0.4 ನ್ಯೂಟನ್.

ನಡುವೆ ಮೂರನೇ ಚಾರ್ಜ್ ಇಟ್ಟರೆ ಏನಾಗುತ್ತದೆ ಅನ್ನುವ ಲೆಕ್ಕ ಈಗ ಶುರು ಮಾಡಿದ್ದೇನೆ.