ರಷ್ಯನ್ನರ ಯುದ್ಧಕಥೆಗಳಲ್ಲಿ ಶಾಂತಿ ಎಲ್ಲಿದೆ?

ಪ್ರಶ್ನೆ: ಎಲೆಮ್ ಕ್ಲಿಮೊವ್ ಅವರ ‘ಕಮ್ ಅಂಡ್ ಸೀ’ (1985) ಸಿನಿಮಾ ನೋಡಿದೆ. ಎರಡನೇ ಮಹಾಯುದ್ಧದಲ್ಲಿ ನಾಜಿ ಪಡೆ ಬೆಲರೂಸ್‌ನ ಹಳ್ಳಿಯೊಂದರ ಜನರನ್ನು ಮರದ ಕಟ್ಟಡದೊಳಗೆ ತುಂಬಿ ಬೆಂಕಿ ಹಚ್ಚುವ ದೃಶ್ಯ ಇನ್ನೂ ಕಣ್ಣಿನಿಂದ ಹೋಗಿಲ್ಲ. ಶಾಂತಿಯನ್ನೂ ಇಷ್ಟೇ ಗಾಢವಾಗಿ ತೋರಿಸಿದವರು ಅಲ್ಲಿ ಇದ್ದಾರೆಯೇ? ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯನ್ನು ಆಸ್ಟರ್‌ಲಿಟ್ಜ್ ಕದನದವರೆಗೆ ಓದಿ ನಿಲ್ಲಿಸಿದ್ದೇನೆ.

ಉತ್ತರ 1: ಖಂಡಿತ ಇದ್ದಾರೆ. ಗ್ರಿಗೊರಿ ಚುಖ್ರಾಯ್ ಅವರ ‘ಬ್ಯಾಲಡ್ ಆಫ್ ಎ ಸೋಲ್ಜರ್’ (1959) ನೋಡಿ. ಎರಡು ಜರ್ಮನ್ ಟ್ಯಾಂಕ್‌ಗಳನ್ನು ಹೊಡೆದ ಹುಡುಗ ಅಲ್ಯೋಷ ಪದಕದ ಬದಲು ರಜೆ ಕೇಳುತ್ತಾನೆ. ಊರಿನಲ್ಲಿ ಅಮ್ಮನ ಮನೆಯ ಸೂರು ಸೋರುತ್ತಿದೆ, ಅದನ್ನು ಸರಿಪಡಿಸಬೇಕು! ಹೋಗಲು ಎರಡು ದಿನ, ಬರಲು ಎರಡು, ಸೂರಿಗೆ ಎರಡು. ದಾರಿಯಲ್ಲಿ ಕಂಡವರ ಕಷ್ಟಕ್ಕೆಲ್ಲ ನಿಂತು ರಜೆ ಮುಗಿದುಹೋಗುತ್ತದೆ. ಅಮ್ಮನನ್ನು ಅಪ್ಪಿಕೊಳ್ಳುವಷ್ಟು ಹೊತ್ತೂ ಸರಿಯಾಗಿ ಉಳಿಯುವುದಿಲ್ಲ.

ನನ್ನನ್ನು ಅಳಿಸಿದ್ದು ಮಾತ್ರ ಸೋಪು. ಮುಂಚೂಣಿಗೆ ಹೊರಟ ಸೈನಿಕನೊಬ್ಬ ಹೆಂಡತಿಗೆ ತಲುಪಿಸೆಂದು ಎರಡು ಸೋಪು ಕೊಟ್ಟಿರುತ್ತಾನೆ. ಆಕೆ ಬೇರೊಬ್ಬನ ಜೊತೆಗಿರುವುದು ತಿಳಿದಾಗ ಅಲ್ಯೋಷ ಮೆಟ್ಟಿಲಿಳಿದವನು ಮತ್ತೆ ಹತ್ತಿ ಹೋಗಿ, ಆ ಸೋಪನ್ನು ವಾಪಸು ತೆಗೆದುಕೊಂಡು ಸೈನಿಕನ ತಂದೆಗೆ ಒಯ್ದು ಕೊಡುತ್ತಾನೆ. ಆ ಕಾಲದಲ್ಲಿ ಸೋಪಿನ ಬೆಲೆ ಏನೆಂದು ಚುಖ್ರಾಯ್ ಅವರಿಗೆ ಗೊತ್ತಿತ್ತು. ಅವರೂ ಸ್ಟಾಲಿನ್‌ಗ್ರಾಡ್‌ನಲ್ಲಿ ಹೋರಾಡಿದವರು.

ಉತ್ತರ 2: ಅಲ್ಯೋಷ ನನಗೂ ಇಷ್ಟ. ಆದರೆ ಅಂಥ ನಿಷ್ಕಳಂಕ ಸೈನಿಕನನ್ನು ತೋರಿಸಲು ಸೋವಿಯತ್ ಸರ್ಕಾರದ ಅಡ್ಡಿ ಇರಲಿಲ್ಲ. ವಾಸಿಲಿ ಗ್ರಾಸ್‌ಮನ್ ಅವರ ‘ಲೈಫ್ ಅಂಡ್ ಫೇಟ್’ ಕಾದಂಬರಿಯ ಹಸ್ತಪ್ರತಿಯನ್ನಾದರೋ 1961ರಲ್ಲಿ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ಟೈಪ್‌ರೈಟರ್ ರಿಬ್ಬನ್ ಸಮೇತ ಹೊತ್ತೊಯ್ದಿತು. 1964ರಲ್ಲಿ ಲೇಖಕರು ತೀರಿಕೊಂಡರು, ರಷ್ಯದ ಓದುಗರಿಗೆ ಪುಸ್ತಕ ಸಿಕ್ಕಿದ್ದು 1988ರಲ್ಲಿ. ಸೋತ ಜರ್ಮನ್ ಅಧಿಕಾರಿಗೆ ಹೊಡೆಯಲು ಹೋದ ಹೆಂಗಸು ಅವನ ಕೈಗೆ ಬ್ರೆಡ್ಡಿನ ತುಂಡು ಕೊಡುವುದು ಅದರಲ್ಲಿದೆ. ಏಕೆ ಕೊಟ್ಟೆನೆಂದು ಅವಳಿಗೇ ತಿಳಿಯುವುದಿಲ್ಲ. ಅವಳನ್ನೂ ಓದಿ.

ಉತ್ತರ 1: ನಿಮ್ಮ ಮಾತು ನಿಜ, ಗ್ರಾಸ್‌ಮನ್ ಅವರನ್ನು ಬಿಡಲಾಗದು. ಪ್ರಶ್ನೆ ಕೇಳಿದವರೇ, ಟಾಲ್‌ಸ್ಟಾಯ್ ಅವರನ್ನೂ ಕೈಬಿಡಬೇಡಿ. 1812ರಲ್ಲಿ, ನೆಪೋಲಿಯನ್ನನ ಸೇನೆಯ ವಿರುದ್ಧದ ಯುದ್ಧದಲ್ಲಿ, ಸೇನಾಧಿಕಾರಿ ದೆನಿಸೊವ್‌ನ ಗೆರಿಲ್ಲಾ ಪಡೆಗೆ ಬಂದು ಸೇರುವ ಎಳೆಯ ಪೇತ್ಯ, ‘ನನಗೆ ಸಿಹಿ ತಿಂದು ಅಭ್ಯಾಸ’ ಎನ್ನುತ್ತ ತನ್ನ ಒಣದ್ರಾಕ್ಷಿಯನ್ನೆಲ್ಲ ಹಿರಿಯರಿಗೆ ಹಂಚಲು ನಿಲ್ಲುತ್ತಾನೆ. ಮರುದಿನ ಅವನಿಗೆ ಗುಂಡು ತಗಲುತ್ತದೆ. ಹೆಣದ ಮುಂದೆ ದೆನಿಸೊವ್‌ನ ನೆನಪಿಗೆ ಬರುವುದು ಆ ದ್ರಾಕ್ಷಿಯ ಮಾತು. ಅವನು ಬೇಲಿ ಹಿಡಿದು ಎಂಥ ದನಿ ತೆಗೆಯುತ್ತಾನೆಂದು ನೀವೇ ಓದಬೇಕು. ನೀವಿರುವುದು ಮೊದಲ ಸಂಪುಟದ ಕೊನೆಯಲ್ಲಿ, ಪೇತ್ಯನ ಈ ಭಾಗ ನಾಲ್ಕನೆಯದರಲ್ಲಿದೆ. ದಯವಿಟ್ಟು ನಡುವೆ ಹಾರಿಸಬೇಡಿ. ಮನೆಯಲ್ಲಿ ಓಡಾಡಿಕೊಂಡಿದ್ದ ಚಿಕ್ಕ ಪೇತ್ಯನನ್ನು ಕಂಡಿದ್ದರೆ ಮಾತ್ರ ಆ ಪುಟಗಳು ತಾಗುತ್ತವೆ.